ಹಳೇ ಕಂಪ್ಯೂಟರಿನಲ್ಲಿ ನಾಲ್ಕು ಡಿಸ್ಕಿನ ರೇಡ್

ಇಲ್ಲಿ ಹೇಳುವ ರೇಡ್ ಎಂದರೆ ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಮಾಡುವ ಏರ್ಪಾಡು. ಮೊದಲು ಪವರ್ ಸಪ್ಲೈ ನೋಡಿ. 3.5 ಇಂಚಿನ ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್ ಲೈನಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ, ನಾಲ್ಕಕ್ಕೆ 8. ಸಪ್ಲೈ ಸೊರಗಿದ್ದರೆ ಆನ್ ಮಾಡಿದಾಗ ಒಂದೆರಡು ಡಿಸ್ಕ್ ಕಾಣಿಸುವುದೇ ಇಲ್ಲ. ಮೋಲೆಕ್ಸ್‌ನಿಂದ (ಹಳೇ ನಾಲ್ಕು ಪಿನ್ನಿನ ಪವರ್ ಪ್ಲಗ್) ಸಾಟಾಗೆ (ಈಗಿನ ಡಿಸ್ಕಿನ ಚಪ್ಪಟೆ ಪ್ಲಗ್) ಬದಲಿಸುವ ಕನೆಕ್ಟರಿನಲ್ಲಿ ತಂತಿಗಳನ್ನು ಪ್ಲಾಸ್ಟಿಕ್ಕಿನೊಳಗೆ ಎರಕ ಹೊಯ್ದಿದ್ದರೆ ಬೇಡವೇ ಬೇಡ: ಒಳಗೆ ಒಂದಕ್ಕೊಂದು ತಾಗಿ ಬೆಂಕಿ ಹತ್ತಬಹುದು. ಹಿಂಬದಿಯಲ್ಲಿ ಒಂದೊಂದು ತಂತಿಯೂ ಬೇರೆಯಾಗಿ ಕಾಣುವಂಥದ್ದೇ ಇರಲಿ.

ಡಿಸ್ಕ್ ಸಿಎಂಆರ್ (ಡೇಟಾ ಬರೆಯುವ ಸಾಲುಗಳು ಒಂದರ ಮೇಲೊಂದು ಚಾಚದ) ಬಗೆಯದಾಗಿರಲಿ. ಎಸ್‌ಎಂಆರ್ (ಸಾಲುಗಳು ಒಂದರ ಮೇಲೊಂದು ಚಾಚಿರುವ ಬಗೆ) ಆದರೆ ರೀಬಿಲ್ಡ್, ಅಂದರೆ ಕೆಟ್ಟ ಡಿಸ್ಕಿನ ಬದಲು ಹಾಕಿದ ಹೊಸದಕ್ಕೆ ಡೇಟಾ ಮತ್ತೆ ತುಂಬಿಸುವ ಕೆಲಸ, ವಿಪರೀತ ಹೊತ್ತು ಎಳೆಯುತ್ತದೆ. 4 ಟಿಬಿಯ ನಾಲ್ಕರಿಂದ ರೇಡ್ 5ರಲ್ಲಿ (ಒಂದು ಡಿಸ್ಕ್ ಕೆಟ್ಟರೆ ತಡೆಯುತ್ತದೆ) 12 ಟಿಬಿ, ರೇಡ್ 6ರಲ್ಲಿ (ಎರಡು ಕೆಟ್ಟರೂ ತಡೆಯುತ್ತದೆ) 8 ಸಿಗುತ್ತದೆ. ಡಿಸ್ಕುಗಳೂ ಹಳೆಯವಾದರೆ ರೇಡ್ 6 ಮೇಲು. ರೇಡ್ ಕಟ್ಟಲು ಲಿನಕ್ಸ್‌ನ ಎಂಡಿಎಡಿಎಂ (mdadm) ಎಂಬ ತಂತ್ರಾಂಶ ಸಾಕು. ಅಳಿಸಿಹೋದ ಫೈಲನ್ನು ರೇಡ್ ಮರಳಿ ಕೊಡದು, ಹೊರಗೊಂದು ಬ್ಯಾಕಪ್ ಬೇಕು.

ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದ ಚೀಟಿಯನ್ನು ಪ್ರತಿ ಡಿಸ್ಕಿನ ಅಂಚಿಗೆ ಅಂಟಿಸಿ. ಕೆಟ್ಟದ್ದರ ಬದಲು ಚೆನ್ನಾಗಿದ್ದದ್ದನ್ನು ಕಿತ್ತರೆ ರೇಡ್ 5 ಅಲ್ಲೇ ನಿಂತುಬಿಡುತ್ತದೆ.