ಡ್ರ್ಯಾಗನ್, ರಕ್ತಪಿಶಾಚಿ, ಪ್ರೇಮ: ಮೊದಲ ನೂರು ಪುಟ ದಾಟುವುದು ಹೇಗೆ?

ಕಳೆದ ಬೇಸಿಗೆ ರಜೆಗೆ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಡಿಗ್ರಿ ಮುಗಿಸಿದ ಹುಡುಗಿ. ಬ್ಯಾಗಿನಲ್ಲಿ ಮಾಯಾಲೋಕದ ಪ್ರೇಮಕಥೆಗಳ ಐದು ದಪ್ಪ ಪುಸ್ತಕಗಳಿದ್ದವು. ಐದರಲ್ಲೂ ಬುಕ್‌ಮಾರ್ಕ್ ಅರವತ್ತನೇ ಪುಟದ ಆಸುಪಾಸಿನಲ್ಲೇ ನಿಂತಿತ್ತು. "ಎಲ್ಲರೂ ಚೆನ್ನಾಗಿದೆ ಅಂತಾರೆ ಚಿಕ್ಕಮ್ಮ. ನನಗೆ ಮಾತ್ರ ತಲೆಗೇ ಹತ್ತಲ್ಲ" ಅಂದಳು. ಇದೇ ಮಾತನ್ನು ಗೆಳತಿಯರ ಬಾಯಲ್ಲೂ ಕೇಳಿದ್ದೇನೆ. ತಪ್ಪು ಅವರದ್ದಲ್ಲ. ಶುರು ಮಾಡುವ ಪುಸ್ತಕ ಸರಿಯಿರಲ್ಲ, ಇಲ್ಲವೇ ಮೊದಲ ನೂರು ಪುಟ ಓದುವ ರೀತಿ ಸರಿಯಿರಲ್ಲ.

ಮಾಯಾಲೋಕ ಮತ್ತು ಪ್ರೇಮ ಎರಡೂ ಬೆರೆತ ಕಾದಂಬರಿಗೆ ಈಗ 'ರೊಮ್ಯಾಂಟಸಿ' ಅಂತ ಹೆಸರು. 2024ರಲ್ಲಿ ಆಕ್ಸ್‌ಫರ್ಡ್‌ನವರ ವರ್ಷದ ಪದದ ಅಂತಿಮ ಪಟ್ಟಿಯಲ್ಲೂ ಈ ಪದ ಇತ್ತು. ನಮ್ಮಂಥದ್ದೇ ಊರಿನಲ್ಲಿ ರಕ್ತಪಿಶಾಚಿಯೋ ತೋಳಮನುಷ್ಯನೋ ಪ್ರೀತಿಗೆ ಬಿದ್ದರೆ ಅದು 'ಪ್ಯಾರಾನಾರ್ಮಲ್ ರೊಮ್ಯಾನ್ಸ್'. ನಮಗೆ ಇದೇನೂ ಹೊಸದಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ' ನೆನಪಿಸಿಕೊಳ್ಳಿ. ರಾತ್ರಿ ಗಂಡನ ರೂಪದಲ್ಲಿ ಬರುವ ನಾಗ, ಅವನನ್ನು ಪ್ರೀತಿಸುವ ರಾಣಿ. ಅದು ಒಪ್ಪಿತವಾದರೆ ಇದೂ ಒಪ್ಪಿತವಾಗುತ್ತದೆ.

1. ಪ್ರಣಯದ ದೃಶ್ಯಗಳನ್ನು ಎಷ್ಟು ಬಿಡಿಸಿ ಬರೆದರೆ ನಿಮಗೆ ಸರಿ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ

ಮುಖಪುಟ ನೋಡಿ ಮಕ್ಕಳ ಪುಸ್ತಕ ಅಂದುಕೊಂಡು ಮೋಸ ಹೋಗುವವರು ಜಾಸ್ತಿ. ಸಾರಾ ಜೆ. ಮಾಸ್ ಅವರ 'ಅ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' 2015ರಲ್ಲಿ ಬಂದಾಗ ಅದನ್ನು ಹದಿಹರೆಯದವರ ಪುಸ್ತಕ ಎಂದೇ ಮಾರಿದ್ದರು. 2020ರಲ್ಲಿ ಮುಖಪುಟ ಬದಲಿಸಿ ದೊಡ್ಡವರ ಸಾಲಿಗೆ ಸೇರಿಸಿದರು. ಹಳೆಯ ಪ್ರತಿಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಹನ್ನೆರಡು ವರ್ಷದ ಮಗಳಿಗೆ ಹುಟ್ಟುಹಬ್ಬಕ್ಕೆ ಇದನ್ನು ಕೊಟ್ಟ ಅಪ್ಪನನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ವಯಸ್ಸಿನ ಮಗುವಿಗೆ ಸಂಗು ಮಂದಣ್ಣ ಅವರ 'ಕಿಕಿ ಕಲ್ಲಿರಾ ಬ್ರೇಕ್ಸ್ ಅ ಕಿಂಗ್‌ಡಮ್' ಕೊಡಿ. 2021ರಲ್ಲಿ ಬಂದದ್ದು. ಲಂಡನ್ನಿನ ಹುಡುಗಿಯೊಬ್ಬಳು ಬಿಡಿಸಿದ ಚಿತ್ರಗಳಿಗೆ ಜೀವ ಬರುತ್ತದೆ. ಅವಳು ಬಿಡಿಸಿದ್ದು ನಮ್ಮ ಮೈಸೂರನ್ನು, ಮಹಿಷಾಸುರನನ್ನು!

2. ಸರಣಿ ಮುಗಿದಿದೆಯೇ ನೋಡಿ

ಒಂದು ನಿಮಿಷದ ಕೆಲಸ. ಮುಗಿಯದ ಸರಣಿಯಿಂದ ಶುರು ಮಾಡಬೇಡಿ, ಅಷ್ಟೇ.

3. ಒಂದೇ ಒಂದು ಪುಸ್ತಕ ಆರಿಸಿಕೊಳ್ಳಿ

ಐದು ಕೊಳ್ಳಬೇಡಿ. ಒಂದು ಸಾಕು. ನನ್ನ ಆಯ್ಕೆ ಹೇಳುತ್ತೇನೆ.

ಮನಸ್ಸಿಗೆ ಹಿತವಾಗಿರುವುದು ಬೇಕೆಂದರೆ ಮತ್ತೆ ಸಂಗು ಮಂದಣ್ಣ ಅವರೇ. 'ದ ವೆರಿ ಸೀಕ್ರೆಟ್ ಸೊಸೈಟಿ ಆಫ್ ಇರ್ರೆಗ್ಯುಲರ್ ವಿಚಸ್' 2022ರಲ್ಲಿ ಬಂತು. ಭಾರತದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಒಂಟಿಯಾಗಿ ಬೆಳೆದ ಮಾಟಗಾತಿ ಮೀಕಾ ಮೂನ್, ಮೂವರು ಪುಟ್ಟ ಮಾಟಗಾತಿಯರಿಗೆ ಪಾಠ ಹೇಳಲು ಹೋಗುತ್ತಾಳೆ. ಆ ಮನೆಯಲ್ಲೊಬ್ಬ ಸಿಡುಕು ಲೈಬ್ರೆರಿಯನ್ ಇದ್ದಾನೆ. ಯಾರ ಮನೆಯಲ್ಲೂ ನೆಲೆ ನಿಲ್ಲದವಳಿಗೆ ಒಂದು ಮನೆ ಸಿಗುವ ಕಥೆ. ಊರು ಬಿಟ್ಟು ದೂರ ಇರುವವರಿಗೆ ಇದು ಬೇಗ ತಟ್ಟುತ್ತದೆ.

ನಿಧಾನವಾಗಿ ಕಾಯಿಸುವ ಪ್ರೇಮ ಬೇಕೆಂದರೆ ಹೀದರ್ ಫಾಸೆಟ್ ಅವರ 'ಎಮಿಲಿ ವೈಲ್ಡ್ಸ್ ಎನ್‌ಸೈಕ್ಲೋಪೀಡಿಯಾ ಆಫ್ ಫೇರೀಸ್' (2023). ಕಥೆ 1909ರಲ್ಲಿ ನಡೆಯುತ್ತದೆ. ಕೇಂಬ್ರಿಡ್ಜಿನ ಪಂಡಿತೆ ಯಕ್ಷಿಲೋಕದ ಬಗ್ಗೆ ಸಂಶೋಧನೆಗೆಂದು ಹಿಮದೂರಿಗೆ ಹೋಗುತ್ತಾಳೆ. ಕಥೆಯೆಲ್ಲ ಅವಳ ದಿನಚರಿ. ಅಡಿಟಿಪ್ಪಣಿಗಳನ್ನು ಹಾರಿಸಬೇಡಿ. ಒಳ್ಳೊಳ್ಳೆಯ ಪುಟ್ಟ ಕಥೆಗಳು ಅಲ್ಲೇ ಇವೆ. ಸರಣಿಯ ಮೂರು ಪುಸ್ತಕಗಳೂ ಬಂದಿವೆ.

ರಕ್ತಪಿಶಾಚಿಗಳೇ ಬೇಕೆನ್ನುವ ದೊಡ್ಡವರಿಗೆ ಕರಿಸ್ಸಾ ಬ್ರಾಡ್‌ಬೆಂಟ್ ಅವರ 'ದ ಸರ್ಪೆಂಟ್ ಅಂಡ್ ದ ವಿಂಗ್ಸ್ ಆಫ್ ನೈಟ್'. ರಕ್ತಪಿಶಾಚಿಗಳ ರಾಜ ಸಾಕಿದ ಮನುಷ್ಯ ಹುಡುಗಿಯ ಕಥೆ. ಎರಡೇ ಪುಸ್ತಕಕ್ಕೆ ಈ ಜೋಡಿಯ ಕಥೆ ಮುಗಿಯುತ್ತದೆ.

ಇಂಗ್ಲಿಷ್ ಹೆಸರುಗಳೇ ತೊಡಕು ಎನ್ನುವವರು ತಾಶಾ ಸೂರಿ ಅವರ 'ದ ಜಾಸ್ಮಿನ್ ಥ್ರೋನ್' ಹಿಡಿಯಿರಿ. ನಾಯಕಿಯರ ಹೆಸರು ಪ್ರಿಯಾ, ಮಾಲಿನಿ. ಒಬ್ಬಳು ಕೆಲಸದಾಕೆ, ಇನ್ನೊಬ್ಬಳು ಅಣ್ಣನೇ ಸೆರೆಯಲ್ಲಿಟ್ಟ ರಾಜಕುಮಾರಿ. ಪ್ರೀತಿ ಇವರಿಬ್ಬರ ನಡುವೆಯೇ. 2022ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಪಡೆದ ಕಾದಂಬರಿ ಇದು. ಮೂರು ಭಾಗಗಳೂ ಮುಗಿದಿವೆ.

ಇಲ್ಲೊಂದು ಎಚ್ಚರಿಕೆ. ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ಸಿಗುವ ಕಳ್ಳ ಮುದ್ರಣ ಕೊಳ್ಳಬೇಡಿ. ನಾನು ಒಮ್ಮೆ ಕೊಂಡಿದ್ದೆ. ಪುಟಗಳ ಒಂದು ಕಂತೆ ಪೂರ್ತಿ ಎರಡು ಸಲ ಬಂದಿತ್ತು, ಕೊನೆಯ ಅಧ್ಯಾಯವೇ ಇರಲಿಲ್ಲ. ಬರೆದವರಿಗೂ ಒಂದು ಪೈಸೆ ಹೋಗಲ್ಲ. ಅಂಚಿಗೆ ಬಣ್ಣ ಬಳಿದ ದುಬಾರಿ ಆವೃತ್ತಿಯೂ ಮೊದಲ ಓದಿಗೆ ಬೇಡ. ಪುಟ ಮಡಚಲು, ಪೆನ್ಸಿಲ್ ಆಡಿಸಲು ಮನಸ್ಸೇ ಬರಲ್ಲ. ಸಾದಾ ಪೇಪರ್‌ಬ್ಯಾಕ್ ಕೊಳ್ಳಿ.

4. ಮೊದಲ ನೂರು ಪುಟ

ಎಲ್ಲರೂ ಬೀಳುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪುಸ್ತಕ ತೆರೆದ ಕೂಡಲೇ ನಕ್ಷೆ ಬರುತ್ತದೆ. ಅದನ್ನು ಓದುತ್ತಾ ಕೂರಬೇಡಿ. ಕಣ್ಣಾಡಿಸಿ ಮುಂದೆ ಹೋಗಿ. ಕಥೆಯಲ್ಲಿ ಯಾರಾದರೂ ಪ್ರಯಾಣ ಹೊರಟಾಗ ಹಿಂದೆ ತಿರುಗಿಸಿ ನೋಡಿದರೆ ಆಗ ಅರ್ಥವಾಗುತ್ತದೆ.

ಮೊದಲ ಓದಿಗೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ. ಬಸ್ಸಿನಲ್ಲಿ ಐದು ಪುಟ, ಮಲಗುವ ಮುಂಚೆ ನಾಲ್ಕು ಪುಟ ಅಂತ ಓದಿದರೆ ಹೊಸ ಲೋಕ ಕಟ್ಟಿಕೊಳ್ಳುವುದೇ ಇಲ್ಲ. ಒಂದೇ ಸಲ ಕೂತು ನಲವತ್ತು ಪುಟವಾದರೂ ಓದಬೇಕು. ಆಮೇಲೆ ಬಸ್ಸಿನಲ್ಲಿ ಓದಿ, ಪರವಾಗಿಲ್ಲ.

ಇನ್ನು ಹೆಸರುಗಳು. ಒಂದು ಪೋಸ್ಟ್‌ಕಾರ್ಡಿನಷ್ಟು ಕಾಗದ ತೆಗೆದುಕೊಂಡು ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ. ಇದು ನಿಜಕ್ಕೂ ಕೆಲಸ ಮಾಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ನೋಡಿದಾಗ ನಾಲಗೆ ತಡವರಿಸುವ ಹೆಸರು, ಕನ್ನಡದಲ್ಲಿ ಬರೆದ ಕೂಡಲೇ ಬಾಯಿಗೆ ಕೂರುತ್ತದೆ. ಮಾಸ್ ಅವರ ನಾಯಕಿ 'ಫೇರಾ', ಅವಳನ್ನು ಕಾಡುವವನು 'ರೀಸಾಂಡ್'. ರೆಬೆಕಾ ಯಾರೋಸ್ ಅವರ ನಾಯಕ 'ಝೇಡನ್'. ಉಚ್ಚಾರ ಗೊತ್ತಾಗದಿದ್ದರೆ ಆಡಿಯೋಬುಕ್ಕಿನ ಉಚಿತ ತುಣುಕು ಐದು ನಿಮಿಷ ಕೇಳಿ. ಕಾರ್ಡಿನಲ್ಲಿ ಐದೇ ಹೆಸರು ಇರಲಿ. ಪ್ರತಿ ಹೆಸರಿನ ಮುಂದೆ ಒಂದೇ ಮಾತು: ಯಾರ ಕಡೆಯವರು? ಅಕ್ಕನ ಮಗಳು ಹದಿನೆಂಟು ಹೆಸರು ಬರೆದು, ಬಾಣ ಎಳೆದು, ವಂಶವೃಕ್ಷ ಮಾಡಿದ್ದಳು. ಅದನ್ನು ನೋಡಿಯೇ ಸುಸ್ತಾಗಿತ್ತು. ಹರಿದು ಹಾಕಿಸಿದೆ.

ಹೆಸರು ಕುಳಿತ ಮೇಲೆ ಒಂದೇ ಪ್ರಶ್ನೆ ಹಿಡಿದು ಓದಿ: ಈ ಲೋಕದಲ್ಲಿ ಮಾಯೆ ಇರುವವರಿಗೆ ಏನು ಸಾಧ್ಯವಿಲ್ಲ? ಏನು ಸಾಧ್ಯ ಅನ್ನುವುದು ತಾನಾಗಿಯೇ ತಿಳಿಯುತ್ತದೆ. ಕಥೆ ನಿಂತಿರುವುದು ಕಟ್ಟುಪಾಡಿನ ಮೇಲೆ. ಹಾಲಿ ಬ್ಲ್ಯಾಕ್ ಅವರ 'ದ ಕ್ರೂಯಲ್ ಪ್ರಿನ್ಸ್' (2018) ತೆಗೆದುಕೊಳ್ಳಿ. ಅಲ್ಲಿ ಯಕ್ಷಿಲೋಕದವರು ಸುಳ್ಳು ಹೇಳಲಾರರು. ಅವರ ನಡುವೆ ಬೆಳೆದ ಮನುಷ್ಯ ಹುಡುಗಿ ಜೂಡ್ ಹೇಳಬಲ್ಲಳು. ಬಲದಲ್ಲಿ, ರೂಪದಲ್ಲಿ, ಆಯುಷ್ಯದಲ್ಲಿ ಅವರ ಮುಂದೆ ಏನೂ ಅಲ್ಲದವಳಿಗೆ ಇರುವ ಒಂದೇ ಆಯುಧ ಸುಳ್ಳು. ಇದು ತಲೆಯಲ್ಲಿ ಕುಳಿತ ಮೇಲೆ ರಾಜಕುಮಾರ ಕಾರ್ಡನ್ ಆಡುವ ಒಂದೊಂದು ಮಾತನ್ನೂ ಎರಡು ಸಲ ಓದುತ್ತೀರಿ. ಅವನು ಹೇಳಿದ್ದು ನಿಜವಿರಲೇಬೇಕು. ಹಾಗಾದರೆ ಏನನ್ನು ಹೇಳದೆ ಬಿಟ್ಟ? ಕೊಟ್ಟ ಮಾತಿಗೆ ಕಟ್ಟುಬಿದ್ದ ಪುಣ್ಯಕೋಟಿಯನ್ನು ಕೇಳಿ ಬೆಳೆದ ನಮಗೆ ಈ ಬಿಗಿ ಬೇಗ ಹಿಡಿಯುತ್ತದೆ.

ಕೊನೆಯದಾಗಿ, ಒಬ್ಬರು ಇನ್ನೊಬ್ಬರನ್ನು ನಂಬಲೇಬೇಕಾದ ಮೊದಲ ದೃಶ್ಯ ಎಲ್ಲಿದೆ ಹುಡುಕಿ. ಯಾರೋಸ್ ಅವರ 'ಫೋರ್ತ್ ವಿಂಗ್' (2023) ನಲ್ಲಿ ಅದು ಶುರುವಿನಲ್ಲೇ ಬರುತ್ತದೆ. ಡ್ರ್ಯಾಗನ್ ಸವಾರರಾಗಲು ಬಂದವರು ಎತ್ತರದ ಕಿರಿದಾದ ಕಲ್ಲುಸೇತುವೆ ದಾಟಬೇಕು. ಜಾರಿದರೆ ಸಾವು. ಸುಲಭವಾಗಿ ಮೂಳೆ ಮುರಿಯುವ ಮೈಯ ವಯಲೆಟ್, ಸಾಲಿನಲ್ಲಿ ಆಗಷ್ಟೇ ಪರಿಚಯವಾದ ಹುಡುಗಿಯ ಬೂಟಿನ ಅಟ್ಟೆ ನುಣುಪಾಗಿರುವುದನ್ನು ನೋಡುತ್ತಾಳೆ. ತನ್ನದೊಂದು ಬೂಟು ಬಿಚ್ಚಿ ಕೊಟ್ಟು ಅವಳದೊಂದು ಹಾಕಿಕೊಳ್ಳುತ್ತಾಳೆ. ಇಬ್ಬರಿಗೂ ಒಂದೊಂದು ಕಾಲಿಗೆ ಹಿಡಿತ. ವಯಲೆಟ್ ಎಂಥವಳು ಅಂತ ಆ ಒಂದು ಬೂಟು ಹೇಳಿಬಿಡುತ್ತದೆ. ಇಂಥ ದೃಶ್ಯ ಬರುವ ಮುಂಚೆ ಪುಸ್ತಕ ಮುಚ್ಚಬೇಡಿ.

ನೂರು ಪುಟವಾದರೂ ಕಟ್ಟುಪಾಡು ತಿಳಿಯಲಿಲ್ಲ, ಆ ಜೋಡಿ ಏನಾದರೇನು ಅನ್ನಿಸುತ್ತಿದೆ ಅಂದರೆ ಸುಮ್ನೆ ಬಿಟ್ಟುಬಿಡಿ. ಒಂದೇ ವಿನಾಯಿತಿ ಮಾಸ್. ಅವರ ಮೊದಲ ಪುಸ್ತಕದ ಅರ್ಧ ಭಾಗ ನಿಧಾನ. ನಿಜವಾದ ಕಥೆ ಎರಡನೆಯ 'ಅ ಕೋರ್ಟ್ ಆಫ್ ಮಿಸ್ಟ್ ಅಂಡ್ ಫ್ಯೂರಿ'ಯಲ್ಲಿದೆ. ಅದಕ್ಕಾಗಿ ಮೊದಲನೆಯದನ್ನು ಸಹಿಸಿಕೊಳ್ಳಬಹುದು.

ಎಷ್ಟೇ ಗೊಂದಲವಾದರೂ ಪಾತ್ರದ ಹೆಸರನ್ನು ಮೊಬೈಲಿನಲ್ಲಿ ಹುಡುಕಬೇಡಿ. ಯಾರು ಸತ್ತರು, ಯಾರು ಯಾರನ್ನು ಮದುವೆಯಾದರು ಅನ್ನುವುದು ಮೊದಲ ಸಾಲಿನಲ್ಲೇ ಇರುತ್ತದೆ. ಎರಡು ನಿಮಿಷದ ರೀಲ್ ಸಾರಾಂಶವೂ ಬೇಡ. ಪ್ರೇಮಕಥೆಯಲ್ಲಿ ಕಾಯುವುದೇ ಸುಖ ಅಲ್ವಾ?

5. ಮುಂದಿನ ಭಾಗಗಳು

ಬಂದ ಕ್ರಮದಲ್ಲೇ ಓದಿ. ಮಾಸ್ ಅವರ 'ಕ್ರೆಸೆಂಟ್ ಸಿಟಿ' ಬೇರೆ ಸರಣಿ ಅಂತ ಅದರಿಂದ ಶುರು ಮಾಡಬೇಡಿ. ಅದರ ಎರಡನೇ ಭಾಗದ ಕೊನೆ, ಫೇರಾಳ ಲೋಕ ಗೊತ್ತಿದ್ದವರಿಗೆ ಮಾತ್ರ ರೋಮಾಂಚನ ಕೊಡುತ್ತದೆ.

ಒಂದು ಭಾಗ ಮುಗಿದ ದಿನವೇ ಅದೇ ಕಾರ್ಡಿನ ಹಿಂಬದಿಗೆ ನಾಲ್ಕು ಸಾಲು ಬರೆಯಿರಿ: ಯಾರು ಬದುಕಿದ್ದಾರೆ, ಯಾರ ಗುಟ್ಟು ಯಾರಿಗೆ ಗೊತ್ತಾಗಿದೆ, ಜೋಡಿ ಒಟ್ಟಿಗಿದ್ದಾರೋ ಇಲ್ಲವೋ. ಯಾರೋಸ್ ಅವರ 'ಫೋರ್ತ್ ವಿಂಗ್' ಸರಣಿಯ ಎರಡನೇ ಭಾಗ 2023ರ ನವೆಂಬರಿನಲ್ಲಿ ಬಂತು, ಮೂರನೆಯದು 2025ರ ಜನವರಿಯಲ್ಲಿ. ಅಷ್ಟು ದಿನ ಕಳೆದ ಮೇಲೆ ಆ ನಾಲ್ಕು ಸಾಲು ನೋಡಿಕೊಂಡೇ ನಾನು ಮೂರನೆಯದನ್ನು ತೆರೆದದ್ದು. ಕಾರ್ಡನ್ನು ಪುಸ್ತಕದ ಹಿಂದಿನ ರಟ್ಟಿಗೆ ಸಿಕ್ಕಿಸಿಡಿ. ಪುಸ್ತಕ ಯಾರಿಗಾದರೂ ಕೊಡುವ ಮುಂಚೆ ಮಾತ್ರ ಮರೆಯದೆ ತೆಗೆದಿಟ್ಟುಕೊಳ್ಳಿ.