ಎಡಗಡೆ ಸೀಟಿನಲ್ಲಿ ಕೂತು ರ್ಯಾಲಿ ಕಲಿತದ್ದು

ಕಾರು ರ್ಯಾಲಿಗೆ ಹೋಗುತ್ತೇನೆ ಅಂದರೆ ಜನ ಮೊದಲು ಕೇಳುವುದು, "ಎಷ್ಟು ಸ್ಪೀಡಲ್ಲಿ ಹೋಗ್ತೀರಾ?" ಗಂಟೆಗೆ 36 ಕಿ.ಮೀ. ಅನ್ನುತ್ತೇನೆ. ಅಲ್ಲಿಗೆ ಮಾತು ಬೇರೆ ಕಡೆ ತಿರುಗುತ್ತದೆ. ಕಾರು ಓಡಿಸುವವನು ನಾನಲ್ಲ ಅಂತ ಹೇಳುವ ಅವಕಾಶವೂ ಸಿಗುವುದಿಲ್ಲ.

ನಾನು ಹಾಸನದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವವನು. ಕಾರು ಓಡಿಸಲು ಬರುತ್ತದೆ, ಆದರೆ ಹಿಂದೆ ಬಸ್ಸು ಹಾರ್ನ್ ಹೊಡೆದರೆ ಪಕ್ಕಕ್ಕೆ ಸರಿದು ದಾರಿ ಬಿಡುವ ಜಾತಿ. ಅಕ್ಕನ ಗಂಡ, ಅಂದರೆ ಭಾವ, ಹಾಗಲ್ಲ. ಮೂಡಿಗೆರೆ ಕಡೆ ಸಣ್ಣ ತೋಟ, ಒಂದು ಹಳೆಯ ಡೀಸೆಲ್ ಸ್ವಿಫ್ಟ್, ಮೈಯೆಲ್ಲ ರ್ಯಾಲಿ ಹುಚ್ಚು. ಒಂದು ವರ್ಷ ಮಾರ್ಚ್‌ನಲ್ಲಿ ಅವರ ಜೊತೆ ಹೋಗಬೇಕಿದ್ದ ಗೆಳೆಯನಿಗೆ ಡೆಂಗಿ ಬಂತು. ರ್ಯಾಲಿಗೆ ಇನ್ನು ಒಂಬತ್ತು ದಿನ.

"ನೀನು ಬಾ ಮಾರಾಯ. ಸುಮ್ನೆ ಪಕ್ಕದಲ್ಲಿ ಕೂತು ಲೆಕ್ಕ ಹಾಕಿದರೆ ಸಾಕು" ಅಂದರು.

"ಭಾವ, ನನಗೆ ಘಾಟಿಯಲ್ಲಿ ವಾಂತಿ ಬರುತ್ತದೆ" ಅಂದೆ.

"ಕವರ್ ತಗೊಂಡು ಬಾ."

ನಾನು ಹೋದದ್ದು ಟಿಎಸ್‌ಡಿ ರ್ಯಾಲಿಗೆ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಸಂಘಟಕರು ಒಂದು ದಾರಿ ಕೊಡುತ್ತಾರೆ, ಪ್ರತಿ ತುಂಡಿಗೂ ಒಂದು ಸರಾಸರಿ ವೇಗ ಕೊಡುತ್ತಾರೆ. ಆ ವೇಗಕ್ಕೆ ಸರಿಯಾಗಿ ಹೋಗುತ್ತಿರಬೇಕು, ಅಷ್ಟೇ. ದಾರಿಯಲ್ಲಿ ಎಲ್ಲೋ ತಿರುವಿನ ಆಚೆ ಮಾರ್ಷಲ್‌ಗಳು ಗಡಿಯಾರ ಹಿಡಿದು ಕೂತಿರುತ್ತಾರೆ. ಎಲ್ಲಿ ಅಂತ ಗೊತ್ತಿರುವುದಿಲ್ಲ. ನಮ್ಮ ರ್ಯಾಲಿಯಲ್ಲಿ ಒಂದು ಸೆಕೆಂಡ್ ತಡವಾದರೆ 1 ದಂಡದ ಅಂಕ, ಒಂದು ಸೆಕೆಂಡ್ ಬೇಗ ಬಂದರೆ 2. ಬೇಗ ಬಂದವನಿಗೇ ಜಾಸ್ತಿ ಶಿಕ್ಷೆ. ಇದನ್ನು ಓದಿದ ಮೇಲೆ ಈ ಆಟ ನನಗೂ ಆಗಬಹುದು ಅನ್ನಿಸಿತು.

ಊರ ರಸ್ತೆಯಲ್ಲಿ ಇಂಥ ರ್ಯಾಲಿ ನಡೆಯುವುದಕ್ಕೆ ಕಾರಣವೂ ಅದೇ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಅಪರಾಧ. ನಿಜವಾದ ವೇಗ ಬೇಕಾದವರು ರಸ್ತೆ ಮುಚ್ಚಿ ನಡೆಸುವ ಸ್ಟೇಜ್ ರ್ಯಾಲಿಗೋ, ಶ್ರೀಪೆರಂಬುದೂರಿನ ಹತ್ತಿರದ ಮದ್ರಾಸ್ ಟ್ರ್ಯಾಕಿಗೋ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಬೇಕು. ಅದಕ್ಕೆ ಬೇರೆ ಲೈಸೆನ್ಸು, ಬೇರೆ ಕಾರು, ಬೇರೆ ದುಡ್ಡು. ನಮ್ಮಂಥವರಿಗೆ ಹತ್ತಿರದ ಬಾಗಿಲು ಟಿಎಸ್‌ಡಿ. ಆಫೀಸಿಗೆ ಹೋಗುವ ಕಾರಿನಲ್ಲೇ ಹೋಗಬಹುದು.

ಇರುವ ಒಂಬತ್ತು ದಿನದಲ್ಲಿ ಕಲಿಸಲು ಭಾವನಿಗೆ ಪುರುಸೊತ್ತಿರಲಿಲ್ಲ. ಕಲಿಸಿದ್ದು ಅಕ್ಕ. ಅವಳಿಗೂ ರ್ಯಾಲಿ ಗೊತ್ತಿರಲಿಲ್ಲ. ಭಾವ ತಂದಿಟ್ಟಿದ್ದ ಹಳೆಯ ರೋಡ್‌ಬುಕ್ ಒಂದನ್ನು ನೋಡಿ, ಸ್ಕೂಟರಿನಲ್ಲಿ ಹೋಗಿ, ತೋಟದ ಸುತ್ತಲಿನ ದಾರಿಗಳಿಗೆ ತಾನೇ ಒಂದು ಬರೆದುಕೊಂಡು ಬಂದಳು. ಭಾನುವಾರ ನಾವಿಬ್ಬರೂ ಅದನ್ನು ಹಿಡಿದು ಹೊರಟೆವು.

ರೋಡ್‌ಬುಕ್ ನೋಡದವರಿಗೆ ಸ್ವಲ್ಪ ಹೇಳಬೇಕು. ಅದರಲ್ಲಿ ನಕ್ಷೆ ಇರುವುದಿಲ್ಲ, ಊರಿನ ಹೆಸರೂ ಹೆಚ್ಚು ಇರುವುದಿಲ್ಲ. ಒಂದರ ಕೆಳಗೆ ಒಂದು ಚೌಕ. ಒಂದೊಂದರಲ್ಲೂ ಶುರುವಿನಿಂದ ಅಲ್ಲಿಗೆ ಎಷ್ಟು ದೂರ, ಹಿಂದಿನ ಚೌಕದಿಂದ ಎಷ್ಟು ದೂರ, ಆಮೇಲೆ ಆ ಕೂಡುರಸ್ತೆಯ ಪುಟ್ಟ ಚಿತ್ರ. ಚಿತ್ರದ ಕೆಳಗಿನ ಚುಕ್ಕೆ ಇರುವ ಕಡೆಯಿಂದ ನಾವು ಬರುತ್ತೇವೆ, ಬಾಣ ಇರುವ ಕಡೆ ಹೋಗುತ್ತೇವೆ. ಇದಕ್ಕೆ ಟ್ಯುಲಿಪ್ ಅನ್ನುತ್ತಾರೆ. ನೆದರ್ಲೆಂಡ್ಸ್‌ನ ಟ್ಯುಲಿಪ್ ರ್ಯಾಲಿಯಿಂದ ಬಂದ ಹೆಸರಂತೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್ಯಾಲಿ ಮುಗಿಸಿದ ಮೊದಲ ಭಾರತೀಯ ಅಂತ ಹೆಸರು ಮಾಡಿದರಲ್ಲ, 36ನೇ ಸ್ಥಾನ, ಅವರ ಬೈಕಿನ ಹ್ಯಾಂಡಲ್ ಮೇಲೂ ಇದ್ದದ್ದು ಇದೇ ಬಗೆಯ ಚಿತ್ರಗಳ ಸುರುಳಿ. ಅವರು ಒಬ್ಬರೇ ಓಡಿಸುತ್ತಾ ಒಬ್ಬರೇ ಓದಬೇಕು. ನನಗೆ ಕೂತು ಓದುವುದೇ ಕಷ್ಟವಾಗಿತ್ತು.

ಅಕ್ಕನ ರೋಡ್‌ಬುಕ್ಕಿನ ಮೂರನೇ ಚೌಕದಲ್ಲೇ ದಾರಿ ತಪ್ಪಿದೆವು. ಅವಳ ಸ್ಕೂಟರಿನ ಮೀಟರಿಗೂ ಸ್ವಿಫ್ಟ್‌ನ ಮೀಟರಿಗೂ ತಾಳೆ ಇರಲಿಲ್ಲ. ಆಗ ಗೊತ್ತಾಯಿತು, ಇಡೀ ಆಟ ನಿಂತಿರುವುದು ಇದರ ಮೇಲೆ ಅಂತ. ಯಾವ ಎರಡು ಕಾರಿನ ಮೀಟರೂ ಒಂದೇ ದೂರ ತೋರಿಸುವುದಿಲ್ಲ. ಟೈರು ಸವೆದಿದ್ದರೆ ಒಂದು ಲೆಕ್ಕ, ಹೊಸದಾಗಿದ್ದರೆ ಇನ್ನೊಂದು. ಗಾಳಿ ಕಮ್ಮಿಯಾದರೂ ಬದಲಾಗುತ್ತದೆ. ಅದಕ್ಕೇ ರ್ಯಾಲಿಯ ಶುರುವಿನಲ್ಲಿ ಸಂಘಟಕರು ಒಂದಷ್ಟು ದೂರವನ್ನು ಮೀಟರ್ ತಾಳೆ ನೋಡಲಿಕ್ಕೆಂದೇ ಬಿಟ್ಟಿರುತ್ತಾರೆ. ಮೊದಲ ರ್ಯಾಲಿಯ ದಿನ ಪುಸ್ತಕದಲ್ಲಿ 12.40 ಕಿ.ಮೀ. ಇದ್ದ ಜಾಗಕ್ಕೆ ಬಂದಾಗ ನಮ್ಮದು 12.7 ತೋರಿಸಿತು. ಅಂದರೆ 10 ಕಿ.ಮೀ. ಹೋದರೆ ನಮ್ಮ ಮೀಟರ್ 240 ಮೀಟರ್ ಜಾಸ್ತಿ ಹೇಳುತ್ತದೆ. ಗಂಟೆಗೆ 40ರ ಸರಾಸರಿಯಲ್ಲಿ ಅದು ಸುಮಾರು 22 ಸೆಕೆಂಡ್. ಮೀಟರನ್ನು ನಂಬಿ ಕೂತರೆ, ಎಲ್ಲ ಸರಿ ಇದೆ ಅಂದುಕೊಂಡೇ 22 ಸೆಕೆಂಡ್ ತಡವಾಗಿ ಹೋಗಿ ಮಾರ್ಷಲ್ ಮುಂದೆ ನಿಲ್ಲುತ್ತೇವೆ.

ಇನ್ನೊಂದು ಸಣ್ಣ ಉಪಾಯ. ಸಾಮಾನ್ಯ ಕಾರಿನ ಟ್ರಿಪ್ ಮೀಟರ್ 100 ಮೀಟರಿಗೊಮ್ಮೆ ಮಾತ್ರ ಅಂಕಿ ಬದಲಿಸುತ್ತದೆ. ಹಾಗಾಗಿ 7.3 ಅಂತ ಇದ್ದರೆ ಅದು 7.30 ಇರಬಹುದು, 7.39 ಕೂಡ ಇರಬಹುದು. ಅಂಕಿ ಬದಲಾಗುವ ಆ ಕ್ಷಣ ಮಾತ್ರ ನಂಬಿಕೆಗೆ ಯೋಗ್ಯ. ನಾನು ಆ ಕ್ಷಣ ಗಡಿಯಾರ ನೋಡುತ್ತೇನೆ, ಉಳಿದ ಹೊತ್ತು ಪುಸ್ತಕ ನೋಡುತ್ತೇನೆ.

ಲೆಕ್ಕ ಕಷ್ಟದ್ದಲ್ಲ. 3600ನ್ನು ವೇಗದಿಂದ ಭಾಗಿಸಿದರೆ ಒಂದು ಕಿ.ಮೀ.ಗೆ ಎಷ್ಟು ಸೆಕೆಂಡ್ ಅಂತ ಸಿಗುತ್ತದೆ. 36ಕ್ಕೆ 100 ಸೆಕೆಂಡ್, 40ಕ್ಕೆ 90, 45ಕ್ಕೆ 80. 40ರ ವೇಗದ ತುಂಡು 18.60 ಕಿ.ಮೀ.ಯ ಚೌಕದಲ್ಲಿ 10 ಗಂಟೆ 24 ನಿಮಿಷಕ್ಕೆ ಶುರುವಾಯಿತು ಅನ್ನಿ. 21.90ರ ಚೌಕಕ್ಕೆ 3.3 ಕಿ.ಮೀ., ಅಂದರೆ 297 ಸೆಕೆಂಡ್. 10:28:57ಕ್ಕೆ ಅಲ್ಲಿರಬೇಕು. ಮನೆಯಲ್ಲಿ ಕೂತು ಮಾಡಿದರೆ ಐದನೇ ಕ್ಲಾಸಿನ ಲೆಕ್ಕ. ಕಾರು ಕುಣಿಯುತ್ತಿರುವಾಗ, ಧೂಳು ಮೂಗಿಗೆ ಹೋಗುತ್ತಿರುವಾಗ, ಪಕ್ಕದವರು "ಮುಂದಾ, ಹಿಂದಾ?" ಅಂತ ಕೇಳುತ್ತಿರುವಾಗ 90ರ ಮಗ್ಗಿ ಮರೆತು ಹೋಗುತ್ತದೆ. ಆದ್ದರಿಂದ 30ರಿಂದ 50ರ ತನಕ ಪ್ರತಿ ವೇಗಕ್ಕೂ ಒಂದು ಪಟ್ಟಿ ಮಾಡಿ ಲ್ಯಾಮಿನೇಟ್ ಮಾಡಿಸಿದೆ. ಈಗ ಮೊಬೈಲ್ ಆ್ಯಪ್‌ಗಳಿವೆ. ಕೆಲವು ರ್ಯಾಲಿಗಳಲ್ಲಿ ಬಿಡುತ್ತಾರೆ, ಕೆಲವಲ್ಲಿ ಬಿಡುವುದಿಲ್ಲ. ನಾನು ಪಟ್ಟಿಯನ್ನೇ ಇಟ್ಟುಕೊಂಡಿದ್ದೇನೆ. ಹಟ ಅಂತಲೇ ಅನ್ನಿ.

ಮೊದಲ ರ್ಯಾಲಿಯ ದಿನ ಬೆಳಿಗ್ಗೆ ನಾಲ್ಕು ಇಡ್ಲಿ ತಿಂದೆ. ಅದು ದೊಡ್ಡ ತಪ್ಪು. ಅವೋಮಿನ್ ಮಾತ್ರೆ ನುಂಗಿದೆ, ಅದು ಇನ್ನೂ ದೊಡ್ಡ ತಪ್ಪು. ವಾಂತಿ ನಿಂತಿತು, ನಿದ್ದೆ ಬಂತು. ಈಗ ಮಾತ್ರೆ ಇಲ್ಲ. ಬೆಳಿಗ್ಗೆ ಎರಡು ಬಾಳೆಹಣ್ಣು, ಬಾಯಲ್ಲಿ ಒಂದು ಚೂರು ಹಸಿಶುಂಠಿ. ಪುಸ್ತಕವನ್ನು ತೊಡೆಯ ಮೇಲೆ ಇಡುವುದಿಲ್ಲ, ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತೇನೆ. ಕಣ್ಣು ಮೇಲೆತ್ತಿದ ಕೂಡಲೇ ರಸ್ತೆ ಕಾಣಬೇಕು. ನನಗಂತೂ ಇದು ಶುಂಠಿಗಿಂತ ಜಾಸ್ತಿ ಕೆಲಸ ಮಾಡಿದೆ.

ಮೊದಲ 30 ಕಿ.ಮೀ. ಚೆನ್ನಾಗಿಯೇ ಹೋಯಿತು. ಕಾಫಿ ಅರಳಿಸುವ ಹೂಮಳೆ ಬಿದ್ದು ಎಂಟೊಂಬತ್ತು ದಿನವಾಗಿತ್ತು, ತೋಟವೆಲ್ಲ ಬೆಳ್ಳಗೆ ಘಮ್ ಅನ್ನುತ್ತಿತ್ತು. ಭಾವ ಒಂದು ಕವಲಿನ ಹತ್ತಿರ "ಇದೇ ದಾರಿ ತಾನೇ?" ಅಂದರು. ನಾನು ಪುಸ್ತಕ ನೋಡಿ, "ರೈಟ್ ರೈಟ್, ಹೋಗಿ" ಅಂದೆ. ನಮ್ಮ ಬಸ್ ಕಂಡಕ್ಟರುಗಳು ಹೇಳುವ ಹಾಗೆ. ಭಾವ ಬಲಕ್ಕೆ ತಿರುಗಿಸಿದರು.

1.8 ಕಿ.ಮೀ. ಹೋದ ಮೇಲೆ ತೋಟದ ಕೆಲಸದವರ ಲೈನ್ ಮನೆಗಳು ಬಂದವು. ನಾಯಿಗಳು ಬಂದವು. ರಸ್ತೆ ಮುಗಿಯಿತು.

ತಿರುಗಿಸಿಕೊಂಡು ಅದೇ ಕವಲಿಗೆ ಬರುವಷ್ಟರಲ್ಲಿ ಒಂಬತ್ತು ನಿಮಿಷ ಹೋಗಿತ್ತು. ಭಾವ ಮಾತಾಡಲಿಲ್ಲ, ಕಾಲು ಮಾತ್ರ ಆಕ್ಸಿಲರೇಟರ್ ಮೇಲೆ ಭಾರವಾಯಿತು. ನಾನು ಪಟ್ಟಿ ನೋಡಿದೆ. 36ರ ಬದಲು 45ರಲ್ಲಿ ಹೋದರೆ ಕಿ.ಮೀ.ಗೆ ಉಳಿಯುವುದು 20 ಸೆಕೆಂಡ್. ಒಂಬತ್ತು ನಿಮಿಷ ಹಿಡಿಯಲು 27 ಕಿ.ಮೀ. ಬೇಕು. ಆ ರಸ್ತೆಯಲ್ಲಿ ಎದುರಿಗೆ ಜೀಪು ಬರುತ್ತದೆ, ಶಾಲೆ ಮಕ್ಕಳು ಬರುತ್ತಾರೆ. "ಭಾವ, ಬಿಡಿ. ಟೀ ಬ್ರೇಕ್ ಆದ ಮೇಲೆ ಹೊಸ ಟೈಮ್ ಶುರು. ಅಲ್ಲಿವರೆಗೆ ದಂಡ ಕಟ್ಟೋಣ" ಅಂದೆ. ಅವರು ನನ್ನ ಮುಖ ನೋಡಿದರು. ನಾನು ಮೊದಲ ಸಲ ಅವರಿಗೆ ಬೇಡ ಅಂದದ್ದು ಅದೇ ಇರಬೇಕು. ನಿಧಾನ ಮಾಡಿದರು.

ಸುತ್ತಿ ಬಂದ 3.6 ಕಿ.ಮೀ.ಯನ್ನು ಮೀಟರಿನಿಂದ ಕಳೆಯಬೇಕಿತ್ತು. ಗಾಬರಿಯಲ್ಲಿ 1.8 ಮಾತ್ರ ಕಳೆದೆ. ಅದನ್ನು ಕಂಡುಹಿಡಿಯಲು ಇನ್ನೊಂದು ಕವಲು ತಪ್ಪಬೇಕಾಯಿತು. 31 ಕಾರುಗಳಲ್ಲಿ ನಮಗೆ 27ನೇ ಸ್ಥಾನ. ಉಳಿದ ನಾಲ್ಕರಲ್ಲಿ ಎರಡು ಕಾರು ಮುಗಿಸಿಯೇ ಇರಲಿಲ್ಲ.

ಅಂದಿನಿಂದ ನಮ್ಮ ಕಾರಿನಲ್ಲಿ "ರೈಟ್" ಅನ್ನುವ ಮಾತು ನಿಷಿದ್ಧ. ಎಡ, ಬಲ, ನೇರ, ಸರಿ. ಇಷ್ಟೇ. ದಾರಿ ತಪ್ಪಿದೆ ಅನ್ನಿಸಿದರೆ ಮುಂದೆ ಹೋಗಿ ನೋಡುವುದಿಲ್ಲ, ಖಚಿತವಾಗಿ ಸರಿ ಇದ್ದ ಹಿಂದಿನ ಚೌಕಕ್ಕೆ ವಾಪಸ್. ಭಾವ ಕೇಳಿದಾಗ "ಸ್ವಲ್ಪ ಹಿಂದೆ" ಅನ್ನುವುದಿಲ್ಲ, "ನಾಲ್ಕು ಸೆಕೆಂಡ್ ಹಿಂದೆ" ಅನ್ನುತ್ತೇನೆ. ಮುಂದಿನ ತಿರುವನ್ನು 300 ಮೀಟರ್ ಇರುವಾಗ ಒಮ್ಮೆ, 100 ಇರುವಾಗ ಒಮ್ಮೆ.

ಆ ದಿನ ಒಂದು ಕಲ್ಲು ತಾಗಿ ಇಂಜಿನ್ ಕೆಳಗಿನ ಆಯಿಲ್ ಸಂಪ್ ಬಿರುಕು ಬಿಟ್ಟಿತ್ತು. ಇನ್ಶೂರೆನ್ಸ್ ಇದೆಯಲ್ಲ ಅಂತ ನಾನು ಧೈರ್ಯ ಹೇಳಿದೆ. ಮನೆಗೆ ಬಂದು ಪಾಲಿಸಿ ತೆಗೆದು ಓದಿದರೆ, ವಾಹನದ ಬಳಕೆಯ ಮಿತಿಗಳು ಅನ್ನುವ ಪುಟ್ಟ ಅಕ್ಷರದ ಚೌಕದಲ್ಲಿ ಸಂಘಟಿತ ರೇಸ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ (ವಾಹನ ಎಷ್ಟು ನಂಬಿಕೆಗೆ ಯೋಗ್ಯ ಅಂತ ನೋಡುವ ಓಟ) ಇವಕ್ಕೆ ರಕ್ಷಣೆ ಇಲ್ಲ ಅಂತಿತ್ತು. ನಮ್ಮ ದೇಶದ ಸಾಮಾನ್ಯ ಕಾರು ಪಾಲಿಸಿಗಳಲ್ಲಿ ಈ ಸಾಲು ಇರುತ್ತದೆ. ಲೆಕ್ಕದವನಾದ ನಾನು ಇದನ್ನು ಮೊದಲೇ ಓದಬೇಕಿತ್ತು, ಅಲ್ವಾ? ಈಗ ಹೆಸರು ಕೊಡುವ ಮೊದಲು ಸಂಘಟಕರು ಯಾವ ವಿಮೆ ಮಾಡಿಸಿದ್ದಾರೆ, ಅದರಲ್ಲಿ ಯಾರಿಗೆ ಏನು ಸಿಗುತ್ತದೆ ಅಂತ ಬರಹದಲ್ಲಿ ಕೇಳುತ್ತೇನೆ. ಹಾಗೆಯೇ ಕೂಟಕ್ಕೆ ಎಫ್‌ಎಂಎಸ್‌ಸಿಐ, ಅಂದರೆ ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟದ, ಪರವಾನಗಿ ಇದೆಯೇ ಅಂತಲೂ ನೋಡುತ್ತೇನೆ. ಇಲ್ಲದಿದ್ದರೆ ಹೋಗುವುದಿಲ್ಲ. ಇದರಿಂದ ಒಂದಿಬ್ಬರು ಗೆಳೆಯರು ಮುನಿಸಿಕೊಂಡಿದ್ದಾರೆ.

ಎರಡನೇ ವರ್ಷ ರ್ಯಾಲಿಗೆ ಹೋಗುವ ಮೊದಲು ಒಂದು ಕಡೆ ಮಾರ್ಷಲ್ ಆಗಿ ಕೂತೆ. ದುಡ್ಡು ಬೇಡ, ಕಾರು ಬೇಡ. ಒಂದು ಟೀ ಶರ್ಟ್, ಒಂದು ಊಟದ ಪೊಟ್ಟಣ ಅವರೇ ಕೊಟ್ಟರು. ಹೊಸಬರು ಇಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೊಂದು ನಿಮಿಷಕ್ಕೆ ಒಂದೊಂದು ಕಾರು ಬರುತ್ತದೆ. ಒಳಗಿನ ಜಗಳವೆಲ್ಲ ಕೇಳಿಸುತ್ತದೆ. ಗಂಡ ಹೆಂಡತಿ ಜೋಡಿ ಒಂದು ತಣ್ಣಗೆ ಬಂದು, ಕಾರ್ಡ್‌ಗೆ ಸಮಯ ಬರೆಸಿಕೊಂಡು, ಥ್ಯಾಂಕ್ಸ್ ಹೇಳಿ ಹೋಯಿತು. ಅವರು ಎರಡೇ ಸೆಕೆಂಡ್ ತಡ. ಜೋರಾಗಿ ಧೂಳೆಬ್ಬಿಸಿಕೊಂಡು ಬಂದವರಲ್ಲಿ ಹೆಚ್ಚಿನವರು ಬೇಗ ಬಂದವರು. ಎಲ್ಲೋ ದಾರಿ ತಪ್ಪಿ, ಹೆದರಿ, ಬೇಕಾದ್ದಕ್ಕಿಂತ ಜಾಸ್ತಿ ಓಡಿಸಿಕೊಂಡು ಬಂದಿದ್ದರು. ನಮ್ಮನ್ನು ಕಂಡ ಕೂಡಲೇ ಬ್ರೇಕ್ ಹಾಕಿ ದೂರದಲ್ಲೇ ನಿಂತು ಹೊತ್ತು ಕಳೆಯಲು ನೋಡಿದವರೂ ಇದ್ದರು. ಕಂಟ್ರೋಲ್, ಅಂದರೆ ಮಾರ್ಷಲ್ ಸಮಯ ಬರೆಯುವ ಜಾಗ, ಕಾಣುವಷ್ಟು ಹತ್ತಿರ ನಿಲ್ಲಬಾರದು ಅಂತ ಅಲ್ಲಿ ನಿಯಮ. ಅದನ್ನೂ ಬರೆದುಕೊಳ್ಳಬೇಕಾಯಿತು.

ನಡುವೆ ಒಂದು ಸಲ ಗದ್ದೆಯಲ್ಲಿ ನಡೆದ ಆಟೋಕ್ರಾಸ್‌ನಲ್ಲಿ ನಾನೇ ಓಡಿಸಿದೆ. ಕೊಯ್ಲಾದ ಗದ್ದೆ, ಕಂಬ ನೆಟ್ಟು ಮಾಡಿದ ದಾರಿ, ಒಮ್ಮೆಗೆ ಒಂದೇ ಕಾರು. ಹೆಲ್ಮೆಟ್ ಹಾಕಿ, ಕಾರೊಳಗಿನ ಛತ್ರಿ, ನೀರಿನ ಬಾಟಲಿ, ಡ್ಯಾಶ್‌ಬೋರ್ಡಿನ ಗಣಪತಿ ಎಲ್ಲ ಇಳಿಸಿ ಹೋಗಬೇಕು. ಒಂದೂವರೆ ನಿಮಿಷದ ಓಟದಲ್ಲಿ ಮೂರು ಕಂಬ ಬೀಳಿಸಿದೆ. ಮಜಾ ಬಂತು. ಆದರೆ ಅದು ನನ್ನ ಸೀಟಲ್ಲ ಅಂತ ಇಳಿಯುವಾಗಲೇ ಗೊತ್ತಾಗಿತ್ತು.

ಮೂರನೇ ರ್ಯಾಲಿಯಲ್ಲಿ ಹನ್ನೆರಡು ಕಂಟ್ರೋಲ್ ಇದ್ದವು. ಐದನೆಯದರಲ್ಲಿ ನಮ್ಮ ದಂಡ ಸೊನ್ನೆ. ಆ ಹೊತ್ತಿಗೆ ಇಬ್ಬರಿಗೂ ಗೊತ್ತಿರಲಿಲ್ಲ, ಸಂಜೆ ಫಲಿತಾಂಶದ ಹಾಳೆ ಅಂಟಿಸಿದಾಗ ಕಂಡಿತು. ಭಾವ ಆ ಹಾಳೆಯ ಒಂದು ಪ್ರತಿ ಕೇಳಿ ತಂದು ಮನೆಯ ಫ್ರಿಡ್ಜ್ ಮೇಲೆ ಅಂಟಿಸಿದ್ದಾರೆ. ಉಳಿದ ಹನ್ನೊಂದು ಅಂಕಣಗಳು ಕಾಣದ ಹಾಗೆ ಮಡಚಿ. ಅಕ್ಕ ಮನೆಗೆ ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಾಳೆ.