ಕಾಲೇಜ್ ಫುಟ್‌ಬಾಲ್ ಲೋಗೋ ಓದೋದು ಹೇಗೆ? ಹೆಲ್ಮೆಟ್‌ನಿಂದ ಶುರು ಮಾಡಿ

ಎಂಎಸ್ ಮಾಡೋಕೆ ಅಂತ ಈ ವರ್ಷ ಅಮೆರಿಕಕ್ಕೆ ಹೊರಟಿದ್ದೀರಾ? ಸೆಪ್ಟೆಂಬರ್ ಬಂತೆಂದರೆ ಶನಿವಾರ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಸ್ಟೇಡಿಯಂ ಕಡೆ ಹೊರಡುತ್ತದೆ. ಅಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ತೊಟ್ಟು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಆಟದ ನಿಯಮ ನಿಧಾನಕ್ಕೆ ತಲೆಗೆ ಹತ್ತುತ್ತದೆ, ಬಿಡಿ. ನಿಮ್ಮ ಕಾಲೇಜಿನ ಲೋಗೋ ಯಾಕೆ ಹಾಗಿದೆ ಅಂತ ತಿಳಿದುಕೊಂಡರೆ ಮಾತ್ರ ಟೀಮ್ ಬೇಗ ನಿಮ್ಮದಾಗುತ್ತದೆ.

ಮೊದಲು ಹೆಲ್ಮೆಟ್ ನೋಡಿ, ಟೀ ಶರ್ಟ್ ಆಮೇಲೆ. ಮಿಷಿಗನ್ ವಿಶ್ವವಿದ್ಯಾಲಯದ ಹೆಲ್ಮೆಟ್ ತಗೊಳ್ಳಿ: ಹಣೆಯ ಮೇಲೆ ಹಳದಿ ರೆಕ್ಕೆ, ಅಲ್ಲಿಂದ ನೆತ್ತಿ ದಾಟಿ ಹಿಂದಕ್ಕೆ ಹೋಗುವ ಮೂರು ಪಟ್ಟಿ. ಪ್ರಿನ್ಸ್‌ಟನ್‌ನಿಂದ ಬಂದ ಕೋಚ್ ಫ್ರಿಟ್ಜ್ ಕ್ರಿಸ್ಲರ್ 1938ರಲ್ಲಿ ಇದನ್ನು ತಂದರು. ಆಗಿನದು ಚರ್ಮದ ಹೆಲ್ಮೆಟ್. ಅದರ ಮೇಲೆ ಹೊಲಿದಿದ್ದ ಪಟ್ಟಿಗಳಿಗೇ ಬೇರೆ ಬಣ್ಣ ಬಳಿಸಿದರು, ಚೆಂಡು ಎಸೆಯುವವನಿಗೆ ದೂರದಲ್ಲಿ ಓಡುತ್ತಿರುವ ತನ್ನ ಜೊತೆಯವನು ತಟ್ಟನೆ ಕಾಣಲಿ ಅಂತ. ಈಗ ಹೆಲ್ಮೆಟ್ ಪ್ಲಾಸ್ಟಿಕ್ಕು, ಹೊಲಿಗೆಯೇ ಇಲ್ಲ, ಪಟ್ಟಿ ಮಾತ್ರ ಹಾಗೇ ಉಳಿದಿದೆ. ಇಷ್ಟು ಚೆಂದದ ಹೆಲ್ಮೆಟ್ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಪೆನ್ ಸ್ಟೇಟ್ ಹೆಲ್ಮೆಟ್ ಮೇಲೆ ಲೋಗೋನೇ ಇಲ್ಲ, ಬರೀ ಬಿಳಿ, ನಡುವೆ ಒಂದು ನೀಲಿ ಗೆರೆ. ಅವರಿಗೆ ಅದೇ ಗುರುತು.

ಆಮೇಲೆ ಹತ್ತಿರ ಹೋಗಿ ಸಣ್ಣ ವಿವರ ಹುಡುಕಿ. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ಟೀಮಿನದು ಹುಲಿ ಹೆಜ್ಜೆ, 1970ರಲ್ಲಿ ಬಂದದ್ದು. ಸುಮ್ನೆ ಕೂತು ಬರೆದ ಚಿತ್ರವಲ್ಲ ಅದು, ನಿಜವಾದ ಹುಲಿಯ ಪಂಜದ ಅಚ್ಚು ತರಿಸಿಕೊಂಡು ಅದರಿಂದ ಮಾಡಿದ್ದು. ಕೆಳಗೆ ಒಂದು ಕಡೆ ಚಿಕ್ಕ ಕೊಕ್ಕೆಯಂತೆ ಕಾಣುತ್ತದಲ್ವಾ, ಅದು ಆ ಹುಲಿಯ ಪಂಜದ ಮೇಲಿದ್ದ ಗಾಯದ ಗುರುತು. ಪಂಜ ಸ್ವಲ್ಪ ಬಲಕ್ಕೆ ವಾಲಿರೋದು ಗಡಿಯಾರದ ಒಂದು ಗಂಟೆಯ ಕಡೆಗೆ, ಯಾಕಂದ್ರೆ ಆಗ ಅವರ ಆಟ ಮಧ್ಯಾಹ್ನ ಒಂದಕ್ಕೆ ಶುರುವಾಗುತ್ತಿತ್ತು.

ಇನ್ನು ಹಳೇ ಫೋಟೋಗಳನ್ನು ವರ್ಷದ ಪ್ರಕಾರ ಜೋಡಿಸಿ. ಎಲ್ಲಿ ಲೋಗೋ ಬದಲಾಗಿದೆಯೋ ಅಲ್ಲಿ ನಿಲ್ಲಿ, ಆ ವರ್ಷ ಹೊಸ ಕೋಚ್ ಬಂದಿದ್ದಾರಾ ನೋಡಿ. ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ 1964ರ ಸೀಸನ್‌ಗೆ ಕೋಚ್ ಆಗಿ ವಿನ್ಸ್ ಡೂಲಿ ಬಂದರು, ಬೆಳ್ಳಿ ಬಣ್ಣದ ಹೆಲ್ಮೆಟ್ ಹೋಗಿ ಕೆಂಪು ಬಂತು, ಜೊತೆಗೆ ಮೊಟ್ಟೆಯಾಕಾರದ ‘ಜಿ’. ಗ್ರೀನ್ ಬೇ ಪ್ಯಾಕರ್ಸ್ ಅನ್ನೋ ವೃತ್ತಿಪರ ಟೀಮಿನ ‘ಜಿ’ ಕೂಡ ಹಾಗೇ ಇದ್ದದ್ದರಿಂದ ಅವರನ್ನು ಕೇಳಿಯೇ ಬಳಸಿದರು.

ಕೆಲವು ಬದಲಾವಣೆಗಳಿಗೆ ಮಾತ್ರ ಕೋಚ್ ಕಾರಣರಲ್ಲ. ಸ್ಟ್ಯಾನ್‌ಫರ್ಡ್ 1972ರಲ್ಲಿ ತನ್ನ ‘ಇಂಡಿಯನ್’ (ಅಂದರೆ ಅಮೆರಿಕದ ಮೂಲನಿವಾಸಿ) ಗುರುತನ್ನು ಬಿಟ್ಟಿತು, ಅಲ್ಲಿನ ಮೂಲನಿವಾಸಿ ವಿದ್ಯಾರ್ಥಿಗಳೇ ಬೇಡ ಅಂದಿದ್ದರು. 2005ರಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಇಂಥ ಗುರುತುಗಳ ಮೇಲೆ ನಿರ್ಬಂಧ ತಂದಾಗ ‘ಸೆಮಿನೋಲ್ಸ್’ ಹೆಸರಿನ ಫ್ಲೋರಿಡಾ ಸ್ಟೇಟ್ ಟೀಮಿಗೆ ವಿನಾಯಿತಿ ಸಿಕ್ಕಿತು, ಫ್ಲೋರಿಡಾದ ಮೂಲನಿವಾಸಿಗಳಾದ ಸೆಮಿನೋಲ್ ಜನರ ಒಪ್ಪಿಗೆ ಇದ್ದದ್ದರಿಂದ. ಆದ್ದರಿಂದ ಹಳೇ ಕಾಲದ ಟೋಪಿ ಚೆನ್ನಾಗಿದೆ ಅಂತ ಕೊಳ್ಳುವ ಮೊದಲು ಅದರ ಮೇಲಿರುವ ಮುಖ ಯಾರದ್ದು ಅಂತ ವಿಚಾರಿಸಿ. ಬೇರೆಯವರಿಗೆ ನೋವಾಗುವ ಟೋಪಿ ನಮಗ್ಯಾಕೆ?

ಕೊನೆಗೆ ಅಂಗಿ. ಎದುರಾಳಿ ಯಾರು ಅಂತ ತಿಳಿದುಕೊಂಡೇ ಬಣ್ಣ ಆರಿಸಿ. ಓಹಾಯೊ ಸ್ಟೇಟ್‌ನಲ್ಲಿ ಮಿಷಿಗನ್ ಆಟದ ವಾರ ಕ್ಯಾಂಪಸ್ ಬೋರ್ಡ್‌ಗಳಲ್ಲಿರುವ ‘ಎಂ’ ಅಕ್ಷರಗಳ ಮೇಲೆಲ್ಲ ಕೆಂಪು ಟೇಪ್ ಅಂಟಿಸಿ ಹೊಡೆದುಹಾಕಿರುತ್ತಾರೆ. ಆ ವಾರ ಅಲ್ಲಿ ಹಳದಿ-ನೀಲಿ ಜಾಕೆಟ್ ಹಾಕಿಕೊಂಡು ಕ್ಲಾಸಿಗೆ ಹೋಗಬೇಡಿ.